ಸೆರೆಯಾಳೇ ದಾರಿ ತೋರುವ ಸೆರೆಮನೆ

ಕೇಪ್‌ಟೌನಿನ ಬಂದರಿನಿಂದ ದೋಣಿ ಹೊರಟರೆ ಮುಕ್ಕಾಲು ಗಂಟೆಯೊಳಗೆ ರಾಬೆನ್ ದ್ವೀಪ. ಡಚ್ ಭಾಷೆಯಲ್ಲಿ ‘ರಾಬೆನ್’ ಎಂದರೆ ಸೀಲ್ ಪ್ರಾಣಿಗಳು. ಹೆಸರು ಅವುಗಳದಾದರೂ ಶತಮಾನಗಳ ಕಾಲ ಅಲ್ಲಿಗೆ ಸಾಗಿಸಿದ್ದು ಆಳುವವರಿಗೆ ಬೇಡವಾದ ಮನುಷ್ಯರನ್ನು. ಡಚ್ಚರ ಕಾಲದಲ್ಲಿ ಖೋಯ್ ನಾಯಕ ಔತ್ಶುಮಾಟೊ, ಬ್ರಿಟಿಷರ ಕಾಲದಲ್ಲಿ ಷೋಸಾ ಮುಂದಾಳು ಮಖಾಂಡ, ಆಮೇಲೆ ಕುಷ್ಠರೋಗಿಗಳು, ಕಡೆಗೆ ವರ್ಣಭೇದ ಸರ್ಕಾರದ ರಾಜಕೀಯ ಕೈದಿಗಳು. ಈ ಕೈದಿಗಳಲ್ಲಿ ಕೊನೆಯವರು ಹೊರಬಂದದ್ದು 1991ರಲ್ಲಿ. 1997ರ ಜನವರಿ 1ರಂದು ಅದೇ ಜೈಲು ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಎರಡು ವರ್ಷಕ್ಕೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ವಸ್ತುಸಂಗ್ರಹಾಲಯ ಅನ್ನುತ್ತಾರೆ, ಆದರೆ ಅಲ್ಲಿ ವಸ್ತುಗಳು ಅಷ್ಟಕ್ಕಷ್ಟೆ. ಚಾಪೆ, ತಟ್ಟೆ, ಕಂಬಳಿ, ಕಬ್ಬಿಣದ ಸರಳು. ಅಲ್ಲಿನ ನಿಜವಾದ ಆಸ್ತಿ ಮನುಷ್ಯರು. ಬಿಗಿ ಕಾವಲಿನ ಆ ಕಟ್ಟಡದೊಳಗೆ ಪ್ರವಾಸಿಗರನ್ನು ಕರೆದೊಯ್ಯುವವರು ಅಲ್ಲಿಯೇ ಶಿಕ್ಷೆ ಅನುಭವಿಸಿದ ಹಳೆಯ ಹೋರಾಟಗಾರರು. ನಮ್ಮ ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಸಂಜೆ ಹೊತ್ತು ಕಥೆ ಹೇಳುವುದು ಧ್ವನಿ-ಬೆಳಕಿನ ಪ್ರದರ್ಶನ. ಇಲ್ಲಿ ಮಾತಾಡುವವರಿಗೆ ಕೆಮ್ಮು ಬರುತ್ತದೆ, ಕಾಲು ನೋಯುತ್ತದೆ, ನಡುವೆ ಮಾತು ನಿಂತೂ ಹೋಗುತ್ತದೆ.

ಎಲ್ಲರೂ ನುಗ್ಗುವುದು ನೆಲ್ಸನ್ ಮಂಡೇಲಾ ಕೋಣೆಯತ್ತ. ಮೂರು ಹೆಜ್ಜೆಗೆ ಮುಗಿದುಹೋಗುವ ಆ ಕೋಣೆಯ ಮುಂದೆ ಮೊಬೈಲು ಎತ್ತದವರಿಲ್ಲ. ತಮ್ಮ 27 ವರ್ಷಗಳ ಸೆರೆವಾಸದಲ್ಲಿ ಅವರು 18 ವರ್ಷ ಕಳೆದದ್ದು ಈ ದ್ವೀಪದಲ್ಲಿ. ಕೈದಿ ಸಂಖ್ಯೆ 466/64, ಅಂದರೆ 1964ರಲ್ಲಿ ಅಲ್ಲಿಗೆ ಬಂದ 466ನೆಯ ಕೈದಿ. ಆದರೆ ಜೈಲು ಅಂದರೆ ಏನೆಂದು ನನಗೆ ಹೆಚ್ಚು ಹೇಳುವುದು ಆ ಕೋಣೆಯಲ್ಲ, ಮಾರ್ಗದರ್ಶಕರು ತೋರಿಸುವ ಊಟದ ಪಟ್ಟಿ. ಅದರಲ್ಲಿ ಏಷ್ಯನ್ನರಿಗೆ, ಮಿಶ್ರ ಮೂಲದವರಿಗೆ ಒಂದು ಲೆಕ್ಕ, ಕಪ್ಪು ಜನರಿಗೆ ಇನ್ನೊಂದು. ಮೊದಲ ಗುಂಪಿಗೆ ಬ್ರೆಡ್ಡು, ಜಾಮು ಉಂಟು. ಎರಡನೆಯದಕ್ಕೆ ಅವೆರಡೂ ಇಲ್ಲ, ಮುಸುಕಿನ ಜೋಳದ ಗಂಜಿಯೇ ಗತಿ. ಬಟ್ಟೆಯಲ್ಲೂ ಹಾಗೆಯೇ. ಒಂದೇ ಮೊಕದ್ದಮೆಯಲ್ಲಿ ಒಂದೇ ಶಿಕ್ಷೆಯಾಗಿ ಬಂದ ಗುಜರಾತಿ ಮೂಲದ ಅಹ್ಮದ್ ಕತ್ರಾದಾಗೆ ಉದ್ದ ಪ್ಯಾಂಟು ಕೊಟ್ಟರು. ಅವರಿಗಿಂತ ಹಿರಿಯರಾದ ಮಂಡೇಲಾಗೆ ಚಡ್ಡಿ. ಕಪ್ಪು ಮನುಷ್ಯ ಎಷ್ಟು ದೊಡ್ಡವನಾದರೂ ಆ ಸರ್ಕಾರದ ಕಣ್ಣಿಗೆ ‘ಹುಡುಗ’ನೇ ತಾನೆ! ಆ ಮೊಕದ್ದಮೆಯ ಬಿಳಿಯ ಅಪರಾಧಿ ಡೆನಿಸ್ ಗೋಲ್ಡ್‌ಬರ್ಗ್ ಅವರನ್ನಂತೂ ದ್ವೀಪಕ್ಕೇ ತರಲಿಲ್ಲ, ಪ್ರಿಟೋರಿಯಾದ ಬಿಳಿಯರ ಜೈಲಿಗೆ ಹಾಕಿದರು.

ತನಗೆ ಸಿಕ್ಕ ಹೆಚ್ಚಿನ ಸವಲತ್ತು ಕತ್ರಾದಾಗೆ ಮುಜುಗರ ತಂದಿತು. ಬೇಡವೆಂದು ಬಿಟ್ಟುಬಿಡಲು ಹೊರಟಾಗ ಹಿರಿಯರು ತಡೆದರು. ಇದ್ದದ್ದನ್ನು ಬಿಟ್ಟು ಸಮವಾಗುವುದಲ್ಲ, ಇಲ್ಲದವರಿಗೂ ಅಷ್ಟೇ ಸಿಗುವಂತೆ ಮಾಡುವುದು ಹೋರಾಟ ಎಂಬುದು ಅವರ ವಾದ. ಮಾನವ ಹಕ್ಕಿನ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇವೆ. ಒಂದು ತುಂಡು ಬ್ರೆಡ್ಡಿನಷ್ಟು ಚೆನ್ನಾಗಿ ಅದನ್ನು ಬಿಡಿಸಿ ಹೇಳಿದ್ದು ನಾನಂತೂ ಬೇರೆಲ್ಲೂ ಕಂಡಿಲ್ಲ. ಈ ಕತ್ರಾದಾ ಅವರೇ ಮುಂದೆ ವಸ್ತುಸಂಗ್ರಹಾಲಯದ ಮಂಡಳಿಗೆ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದರು. 2017ರಲ್ಲಿ ತೀರಿಕೊಳ್ಳುವವರೆಗೂ ಎಷ್ಟು ಸಲ ದೋಣಿ ಹತ್ತಿ ಅತಿಥಿಗಳನ್ನು ಅಲ್ಲಿಗೆ ಕರೆದೊಯ್ದರೋ. 2013ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾಗೆ ಜೈಲು ತೋರಿಸಿದವರೂ ಅವರೇ.

ಕೋಟೆಯಂಥ ಕಟ್ಟಡದಾಚೆ ಒಂಟಿ ಮನೆಯೊಂದಿದೆ. ವರ್ಣಭೇದದ ವಿರುದ್ಧ ಹೋರಾಡಿದ ನಾಯಕ ರಾಬರ್ಟ್ ಸೊಬುಕ್ವೆ ಅವರದು. ಮೂರು ವರ್ಷದ ಶಿಕ್ಷೆ ಮುಗಿದ ಮೇಲೂ ಅವರನ್ನು ಬಿಡದಿರಲೆಂದೇ ಸಂಸತ್ತು 1963ರಲ್ಲಿ ಕಾನೂನು ಮಾಡಿತು, ವರ್ಷವರ್ಷವೂ ಅದನ್ನು ನವೀಕರಿಸಿತು. ಆರು ವರ್ಷ ಒಂಟಿ ವಾಸ, ಉಳಿದ ಕೈದಿಗಳೊಂದಿಗೆ ಮಾತಾಡುವಂತಿಲ್ಲ. ಕೆಲಸಕ್ಕೆ ಹೋಗುವ ಕೈದಿಗಳ ಸಾಲು ಎದುರಿಗೆ ಹಾದಾಗ ಸೊಬುಕ್ವೆ ಬಗ್ಗಿ ಹಿಡಿ ಮಣ್ಣೆತ್ತಿ ಬೆರಳ ಸಂದಿಯಿಂದ ಜಾರಿಸುತ್ತಿದ್ದರಂತೆ, ನಾವೆಲ್ಲ ಈ ಮಣ್ಣಿನ ಮಕ್ಕಳು ಅನ್ನುವ ಹಾಗೆ. 2015ರಲ್ಲಿ ವಿಶ್ವಸಂಸ್ಥೆ ಕೈದಿಗಳ ಕುರಿತ ತನ್ನ ಕನಿಷ್ಠ ನಿಯಮಗಳನ್ನು ತಿದ್ದಿ ‘ನೆಲ್ಸನ್ ಮಂಡೇಲಾ ನಿಯಮಗಳು’ ಎಂದು ಕರೆಯಿತು. ಸತತ 15 ದಿನ ಮೀರಿದ ಏಕಾಂತ ಸೆರೆಯನ್ನು ಅವು ನಿಷೇಧಿಸುತ್ತವೆ.

ನಗು ತರಿಸುವ ಕಥೆಗೂ ಕೊರತೆಯಿಲ್ಲ. ಡರ್ಬನ್ನಿನ ಕೈದಿ ಸೋನಿ ವೆಂಕಟರತ್ನಂ ಶೇಕ್ಸ್‌ಪಿಯರನ ಸಮಗ್ರ ಕೃತಿಗಳ ರಟ್ಟಿಗೆ ದೀಪಾವಳಿಯ ಶುಭಾಶಯ ಪತ್ರಗಳನ್ನು ಅಂಟಿಸಿ, ಇದು ನನ್ನ ಧರ್ಮಗ್ರಂಥ ಎಂದರು. ದೇವರ ಚಿತ್ರ ಕಂಡ ವಾರ್ಡರುಗಳು ಒಪ್ಪಿಕೊಂಡರು! ಪುಸ್ತಕ ಕೋಣೆಯಿಂದ ಕೋಣೆಗೆ ಹೋಯಿತು. ಮೂವತ್ತಕ್ಕೂ ಹೆಚ್ಚು ಕೈದಿಗಳು ಮೆಚ್ಚಿದ ಸಾಲುಗಳ ಪಕ್ಕ ರುಜು ಹಾಕಿದರು. ಮಂಡೇಲಾ ರುಜು ‘ಜೂಲಿಯಸ್ ಸೀಸರ್’ ನಾಟಕದ ಒಂದು ಪುಟದಲ್ಲಿದೆ.

ಸುಣ್ಣಕಲ್ಲಿನ ಕ್ವಾರಿಯ ಬಳಿ ಬಸ್ಸು ನಿಲ್ಲುತ್ತದೆ. ಬಿಸಿಲಿಗೆ ಕಣ್ಣು ಕುಕ್ಕುವ ಆ ಬಿಳುಪಿನಲ್ಲಿ ವರ್ಷಗಟ್ಟಲೆ ಕಲ್ಲು ಒಡೆದವರ ಕಣ್ಣು ಹಾಳಾದವು. ಬಾಯಲ್ಲಿ ಪಾಠ ಮಾತ್ರ ನಡೆದೇ ಇತ್ತು. ಓದಿದವನು ಓದದವನಿಗೆ ಕಲಿಸಬೇಕೆಂಬುದು ಅಲ್ಲಿನ ಕಟ್ಟಳೆ. 1995ರಲ್ಲಿ ಮಾಜಿ ಕೈದಿಗಳು ಅಲ್ಲಿ ಮತ್ತೆ ಕೂಡಿದಾಗ ಮಂಡೇಲಾ ಒಂದು ಕಲ್ಲೆತ್ತಿಟ್ಟರು, ಉಳಿದವರೂ ಇಟ್ಟರು. ಆ ರಾಶಿ ಹಾಗೆಯೇ ಇದೆ, ಶಿಲ್ಪಿಯ ಕೈ ಸೋಕಿಲ್ಲ.

ಮಾಜಿ ಕೈದಿಗಳು ಪ್ರವಾಸಿಗರಿಗೆ ದಾರಿ ತೋರುವುದನ್ನು ಬರೀ ಗೌರವದ ಕೆಲಸವೆಂದು ಕೊಂಡಾಡುವುದು ಸುಲಭ. ಹೊಡೆಸಿಕೊಂಡ ಜಾಗಕ್ಕೇ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ಅದೇ ಕಥೆಯನ್ನು ಹೇಳುವುದು ಎಂಥ ಪಾಡು! ಬೇರೆ ಕೆಲಸ ಸಿಗದೆ ಬಂದವರೂ ಇದ್ದಾರೆ. ಎಂಬತ್ತರ ದಶಕದಲ್ಲಿ ಹುಡುಗರಾಗಿ ಒಳಗೆ ಹೋದವರಿಗೂ ಈಗ ಅರವತ್ತರ ಆಸುಪಾಸು. ಅವರ ನೆನಪುಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸ ನಡೆದಿದೆ. ಆದರೆ ಧ್ವನಿಮುದ್ರಿಕೆ ಎದುರು ಪ್ರಶ್ನೆ ಕೇಳುವುದಾದರೂ ಹೇಗೆ?

ಪ್ರವಾಸಿಗರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ನಿಮ್ಮನ್ನು ಕಾದ ವಾರ್ಡರುಗಳು ಏನಾದರು? ಒಬ್ಬರ ವಿಷಯ ಗೊತ್ತಿದೆ. ಹದಿಹರೆಯ ದಾಟುವ ಮೊದಲೇ ದ್ವೀಪಕ್ಕೆ ವಾರ್ಡರಾಗಿ ಬಂದು ಮಂಡೇಲಾ ಅವರನ್ನು ಕಾದ ಕ್ರಿಸ್ಟೊ ಬ್ರ್ಯಾಂಡ್, ಮುಂದೆ ಈ ವಸ್ತುಸಂಗ್ರಹಾಲಯದ ಅಂಗಡಿಯಲ್ಲೇ ಪ್ರವಾಸಿಗರಿಗೆ ಪುಸ್ತಕ ಮಾರುತ್ತಿದ್ದರು.