ಗೇಟಿನ ಹೊರಗಲ್ಲ, ಒಳಗೇ ಧರಣಿ: ಏಕೆ?

ದಕ್ಷಿಣ ಬೆಂಗಳೂರಿನ ಓದುಗರಿಗೆ ಗಾರ್ಮೆಂಟ್ಸ್ ಕಾರ್ಮಿಕರ ಹೋರಾಟವೆಂದರೆ ನೆನಪಾಗುವುದು 2016ರ ಏಪ್ರಿಲ್. ಭವಿಷ್ಯ ನಿಧಿ ಹಣ ಹಿಂಪಡೆಯಲು ಕೇಂದ್ರ ಸರ್ಕಾರ ವಿಧಿಸಿದ ನಿರ್ಬಂಧವನ್ನು ವಿರೋಧಿಸಿ ಸಾವಿರಾರು ಮಹಿಳೆಯರು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗಿಳಿದರು. ಎರಡೇ ದಿನಗಳಲ್ಲಿ ಸರ್ಕಾರ ಮಣಿಯಿತು. ಆದರೆ ಕಾರ್ಖಾನೆಯೇ ಮುಚ್ಚುವ ಸಂದರ್ಭ ಬೇರೆ. ಆಗ ರಸ್ತೆ ತಡೆದು ಫಲವಿಲ್ಲ. ಕಾರ್ಮಿಕರು ಒಳಗೇ ಕುಳಿತುಬಿಡುತ್ತಾರೆ.

ಇದಕ್ಕೆ ಇತ್ತೀಚಿನ ದೊಡ್ಡ ನಿದರ್ಶನ ಶ್ರೀರಂಗಪಟ್ಟಣದ್ದು. ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಯ ಯೂರೋ ಕ್ಲಾತಿಂಗ್ ಕಂಪನಿ-2 ಘಟಕದಲ್ಲಿ ಸುಮಾರು 1,300 ಮಂದಿ ದುಡಿಯುತ್ತಿದ್ದರು, ಬಹುಪಾಲು ಮಹಿಳೆಯರು. ಅಲ್ಲಿ ಹೊಲಿದ ಬಟ್ಟೆ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ ಹೋಗುತ್ತಿತ್ತು. ಕೊರೊನಾ ಕಾಲದಲ್ಲಿ, 2020ರ ಜೂನ್‌ನಲ್ಲಿ, ಎಲ್ಲರನ್ನೂ ಲೇ-ಆಫ್ ಮಾಡಲಾಯಿತು. ಆರ್ಡರ್‌ಗಳು ಕುಸಿದವು ಎಂಬುದು ಕಂಪನಿಯ ವಾದ. ಸಂಘಟನೆ ಬಲವಾಗಿದ್ದ ಘಟಕವನ್ನೇ ಆರಿಸಿ ಮುಚ್ಚಲಾಗುತ್ತಿದೆ ಎಂಬುದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನಿನ ಆರೋಪ. ಯಂತ್ರಗಳನ್ನು ಸಾಗಿಸಲು ಯತ್ನಿಸಲಾಗಿದೆ ಎಂದೂ ಸಂಘ ದೂರಿತು. ಮಹಿಳೆಯರು ಒಂದೂವರೆ ತಿಂಗಳಿಗೂ ಹೆಚ್ಚು ಕಾಲ ಕಾರ್ಖಾನೆಯ ಆವರಣ ಬಿಡಲಿಲ್ಲ.

ಯಂತ್ರಕ್ಕೇಕೆ ಅಷ್ಟು ಮಹತ್ವ? ಉಕ್ಕಿನ ಕುಲುಮೆಯನ್ನು ರಾತ್ರೋರಾತ್ರಿ ಕಿತ್ತೊಯ್ಯಲಾಗದು. ಹೊಲಿಗೆ ಯಂತ್ರ ಹಾಗಲ್ಲ. ಕೆಲವು ಲಾರಿಗಳು ಬಂದರೆ ಒಂದು ಘಟಕ ಮತ್ತೊಂದು ಜಿಲ್ಲೆಯಲ್ಲಿರುತ್ತದೆ. ಕಟ್ಟಡ ಬಹುತೇಕ ಬಾಡಿಗೆಯದು. ಯಂತ್ರ ಹೋದ ಮೇಲೆ ಮಾತುಕತೆಗೆ ಕಾರ್ಮಿಕರ ಕೈಯಲ್ಲಿ ಏನೂ ಉಳಿಯದು.

ಕಾನೂನಿನ ಒಂದು ವೈಚಿತ್ರ್ಯವೂ ಇದೆ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ ಲೇ-ಆಫ್ ಆದವರಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧ ಸಲ್ಲಬೇಕು. ಆದರೆ ದಿನಕ್ಕೊಮ್ಮೆಯಾದರೂ ನಿಗದಿತ ವೇಳೆಗೆ ಕಾರ್ಖಾನೆಗೆ ಬಂದು ಹಾಜರಾಗದಿದ್ದರೆ ಆ ಹಣವಿಲ್ಲ. ಮನೆಗೆ ಹೋಗಿ ಎನ್ನುವವರು ಈ ಷರತ್ತನ್ನು ಮರೆಯುವುದುಂಟು! ಹಾಗೆಂದು ಆವರಣವನ್ನು ಆಕ್ರಮಿಸಿ ಕೂರುವುದು ಕಾನೂನು ಕೊಟ್ಟ ಹಕ್ಕೇನಲ್ಲ. ಮಾಲೀಕರು ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು.

ಅದೇ ಕಾಯ್ದೆಯ 5-ಬಿ ಅಧ್ಯಾಯದಂತೆ, 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು 90 ದಿನ ಮೊದಲೇ ಸರ್ಕಾರದ ಅನುಮತಿ ಕೋರಬೇಕಿತ್ತು. ಅನುಮತಿಯಿಲ್ಲದೆ ಮುಚ್ಚಿದರೆ ಅದು ಅಕ್ರಮ. ಕಾರ್ಮಿಕರಿಗೆ ಎಲ್ಲ ಸೌಲಭ್ಯವೂ ಸಲ್ಲುತ್ತದೆ. ಕಾಗದದ ಮೇಲೆ ಇದು ಗಟ್ಟಿ ರಕ್ಷಣೆ. ವಾಸ್ತವದಲ್ಲಿ ಪ್ರಕರಣ ಇತ್ಯರ್ಥವಾಗಲು ವರ್ಷಗಳೇ ಬೇಕು, ಮನೆ ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಬೇಕು. ಹೀಗಾಗಿ ಎಷ್ಟೋ ಕಡೆ ಮುಚ್ಚುವಿಕೆ ಎಂಬ ಹೆಸರೇ ಇಲ್ಲದೆ, ಒಬ್ಬೊಬ್ಬರಿಂದ ರಾಜೀನಾಮೆ ಪಡೆದು ಘಟಕ ಖಾಲಿ ಮಾಡಲಾಗುತ್ತದೆ. ರಾಜೀನಾಮೆ ಕೊಟ್ಟವರಿಗೆ ಅನುಮತಿಯ ಪ್ರಶ್ನೆ ಎತ್ತುವುದು ಕಷ್ಟ. ಕಾರ್ಮಿಕರು ಒಟ್ಟಾಗಿ ಒಂದೇ ಕಡೆ ಕೂರುವುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಶ್ರೀರಂಗಪಟ್ಟಣದಲ್ಲಿ ಘಟಕ ಉಳಿಯಲಿಲ್ಲ. ಆದರೆ ವಿಷಯ ವಿದೇಶಿ ಗ್ರಾಹಕ ಕಂಪನಿಯವರೆಗೂ ಹೋಯಿತು. 2021ರ ಆರಂಭದಲ್ಲಿ ಗೋಕಲ್‌ದಾಸ್ ಸಂಸ್ಥೆ ಸಂಘದೊಂದಿಗೆ ಒಪ್ಪಂದಕ್ಕೆ ಬಂದು, ಕೆಲಸ ಕಳೆದುಕೊಂಡವರ ಮರುನೇಮಕಕ್ಕೆ ಸಮ್ಮತಿಸಿತು.

ಅರ್ಜೆಂಟೀನಾದ ಬ್ರುಕ್‌ಮನ್ ಉಡುಪು ಕಾರ್ಖಾನೆಯ ಮಹಿಳೆಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. 2001ರ ಡಿಸೆಂಬರ್‌ನಲ್ಲಿ ಒಳಗೆ ಕುಳಿತವರು ತಾವೇ ಹೊಲಿಗೆ ಆರಂಭಿಸಿದರು. 2003ರಲ್ಲಿ ಪೊಲೀಸರು ಹೊರಹಾಕಿದರೂ ಅದೇ ವರ್ಷ ಕಾರ್ಖಾನೆ ಅವರ ಸಹಕಾರ ಸಂಘಕ್ಕೆ ದಕ್ಕಿತು. ನಮ್ಮಲ್ಲಿ ಹೊರಗಿನ ಬ್ರ್ಯಾಂಡ್‌ಗಳ ಆರ್ಡರ್ ನಂಬಿ ನಡೆಯುವ ಘಟಕಗಳಿಗೆ ಆ ದಾರಿ ಸುಲಭವಲ್ಲ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅನುಮತಿಯ ಮಿತಿ 100ರಿಂದ 300ಕ್ಕೆ ಏರಿದೆ. 250 ಮಂದಿ ದುಡಿಯುವ ಘಟಕವೊಂದು ಈಗ 60 ದಿನಗಳ ನೋಟಿಸ್ ಮತ್ತು ಪರಿಹಾರ ಕೊಟ್ಟು, ಅನುಮತಿ ಕೇಳದೆಯೇ ಬಾಗಿಲು ಹಾಕಬಹುದು.