ಅಲೆಯೇರಿದವರ ಕಥೆ

ಸಮುದ್ರದ ಅಲೆಯ ಬೆನ್ನೇರಿ ದಡದತ್ತ ಜಾರಿಬರುವ ಸರ್ಫಿಂಗ್ ಇಂದು ಜಗತ್ತಿನ ಬಹುತೇಕ ಕಡಲತೀರಗಳಲ್ಲಿ ಕಾಣಸಿಗುವ ಕ್ರೀಡೆ. ನಮ್ಮ ಮೂಲ್ಕಿಯಲ್ಲೂ ಅದನ್ನು ಕಲಿಸುವ ಕೇಂದ್ರಗಳಿವೆ. ಆದರೆ ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳ ಮೂಲನಿವಾಸಿಗಳಿಗೆ ಇದು ಕೇವಲ ಆಟವಾಗಿರಲಿಲ್ಲ; ಬದುಕಿನ ಒಂದು ಅಂಗವೇ ಆಗಿತ್ತು.

ಅವರು ಇದನ್ನು 'ಹೆಎ ನಲು' ಎಂದು ಕರೆದರು. ಅಲೆಯ ಮೇಲೆ ಜಾರುವುದು ಎಂದು ಅದರ ಅರ್ಥ. ರಾಜ, ಪ್ರಜೆ, ಗಂಡಸು, ಹೆಂಗಸು ಎನ್ನದೆ ಎಲ್ಲರೂ ಅಲೆಯೇರುತ್ತಿದ್ದರು. ಆದರೆ ಹಲಗೆಯಲ್ಲಿ ಮಾತ್ರ ಅಂತಸ್ತಿನ ಭೇದವಿತ್ತು. 'ಓಲೋ' ಎಂಬ ಸುಮಾರು 15 ಅಡಿ ಉದ್ದದ ಹಲಗೆ ಅರಸುಮನೆತನದವರದು. 'ಅಲಾಯ' ಎಂಬ ಗಿಡ್ಡ, ತೆಳು ಹಲಗೆ ಜನಸಾಮಾನ್ಯರದು.

ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ 1778ರಲ್ಲಿ ಈ ದ್ವೀಪಗಳಿಗೆ ಬಂದ. ಮರುವರ್ಷ ಅಲ್ಲಿಯೇ ಹತನಾದ. ಅವನ ಜೊತೆಗಿದ್ದ ಅಧಿಕಾರಿ ಜೇಮ್ಸ್ ಕಿಂಗ್, ಜನರು ಅಲೆಗಳೊಡನೆ ಆಡುವ ಪರಿಯನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಆದರೆ ಹಡಗುಗಳೊಡನೆ ರೋಗಗಳೂ ಬಂದವು. ಕುಕ್ ಬಂದಾಗ ಎರಡು ಲಕ್ಷಕ್ಕೂ ಹೆಚ್ಚಿದ್ದರೆಂದು ಹಲವು ವಿದ್ವಾಂಸರು ಅಂದಾಜು ಮಾಡುವ ಮೂಲನಿವಾಸಿಗಳು 1890ರ ವೇಳೆಗೆ ಸುಮಾರು 40 ಸಾವಿರಕ್ಕೆ ಇಳಿದರು.

1820ರಲ್ಲಿ ಬಂದ ಕ್ರೈಸ್ತ ಮಿಷನರಿಗಳು ಸರ್ಫಿಂಗನ್ನು ನಿಷೇಧಿಸಿದರೆಂಬ ಮಾತು ಜನಜನಿತ. ಅದು ಅರ್ಧ ಸತ್ಯ ಮಾತ್ರ. ಅರೆಬೆತ್ತಲೆಯ ಆಟ, ಅದರೊಡನೆ ನಡೆಯುತ್ತಿದ್ದ ಪಣ ಅವರಿಗೆ ಹಿಡಿಸಲಿಲ್ಲವೆಂಬುದು ನಿಜ. ಆದರೆ ಆಡುವ ಜನರೇ ಇಲ್ಲವಾಗುತ್ತಿದ್ದಾಗ ಆಟ ಉಳಿಯುವುದಾದರೂ ಹೇಗೆ? ಇಷ್ಟಾದರೂ ಅದು ಪೂರ್ತಿ ಅಳಿಯಲಿಲ್ಲ. ಹವಾಯಿಯ ಮೂವರು ರಾಜಕುಮಾರರು 1885ರಲ್ಲಿ ಕ್ಯಾಲಿಫೋರ್ನಿಯದ ಸಾಂತಾಕ್ರೂಸ್‌ನಲ್ಲಿ ಅಲೆಯೇರಿ ತೋರಿಸಿದರು.

1893ರಲ್ಲಿ ಅಮೆರಿಕದ ವ್ಯಾಪಾರಿ ಹಿತಾಸಕ್ತಿಗಳು ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಿದವು. 1898ರಲ್ಲಿ ಹವಾಯಿ ಅಮೆರಿಕದ ವಶವಾಯಿತು. ರಾಜ್ಯ ಹೋದ ಮೇಲೆ ಆಟ ಹೊರಗಿನವರ ಕಣ್ಣಿಗೆ ಬಿತ್ತು. ಲೇಖಕ ಜಾಕ್ ಲಂಡನ್ 1907ರಲ್ಲಿ ವೈಕಿಕಿಯಲ್ಲಿ ಸರ್ಫಿಂಗ್ ಕಂಡು ಅದನ್ನು ಹೊಗಳಿ ಬರೆದ. ಮರುವರ್ಷ ಅಲ್ಲಿ ಔಟ್‌ರಿಗರ್ ಕ್ಲಬ್ ಹುಟ್ಟಿಕೊಂಡಿತು. ಅದರ ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರು. ಮೂಲನಿವಾಸಿಗಳು 1911ರಲ್ಲಿ 'ಹುಯಿ ನಲು', ಅಂದರೆ ಅಲೆಗಳ ಸಂಘ ಎಂಬ ತಮ್ಮದೇ ಕ್ಲಬ್ಬನ್ನು ವಿಧ್ಯುಕ್ತವಾಗಿ ಕಟ್ಟಿಕೊಂಡರು.

ಆ ಸಂಘದ ಡ್ಯೂಕ್ ಕಹನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ. ಆ ಕೀರ್ತಿಯ ಬೆನ್ನಲ್ಲೇ 1914–15ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ, ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ ಅಲೆಯ ಮೇಲೆ ನಿಂತು ಬಂದು ಜನರನ್ನು ಬೆರಗುಗೊಳಿಸಿದ. ಸರ್ಫಿಂಗ್ ಲೋಕದ ಆಸ್ತಿಯಾದದ್ದರಲ್ಲಿ ಅವನ ಪಾಲು ದೊಡ್ಡದು.

ಮುಂದೆ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಮಹಿಳೆಯರ ಚಿನ್ನ ಗೆದ್ದವಳು ಹವಾಯಿ ಮೂಲನಿವಾಸಿಗಳ ವಂಶದ ಕರಿಸಾ ಮೂರ್. ವೃತ್ತಿಪರ ವಿಶ್ವ ಸರಣಿಯಲ್ಲಿ ಹವಾಯಿಯವರು ತಮ್ಮ ದ್ವೀಪಗಳ ಧ್ವಜದಡಿಯಲ್ಲೇ ಸ್ಪರ್ಧಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಡ್ಯೂಕ್ ಗೆದ್ದಾಗಿನಂತೆಯೇ ಕರಿಸಾ ಗೆದ್ದಾಗಲೂ ಮೇಲೇರಿದ್ದು ಅಮೆರಿಕದ ಧ್ವಜ.