ಮನೆ ಬದಲಿಸುವ ಸನ್ಯಾಸಿ

ಮಕ್ಕಳೇ, ಸನ್ಯಾಸಿ ಏಡಿಯನ್ನು ನೋಡಿದ್ದೀರಾ? ಇದರ ಹೊಟ್ಟೆಯ ಭಾಗ ಬಲು ಮೆತ್ತಗೆ. ಅದನ್ನು ಕಾಪಾಡಿಕೊಳ್ಳಲು ಶಂಖದ ಹುಳುವಿನ ಖಾಲಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಬೆಳೆದಂತೆ ದೊಡ್ಡ ಚಿಪ್ಪಿಗೆ ಮನೆ ಬದಲಿಸುತ್ತದೆ.

ಅಮೆರಿಕದಲ್ಲಿ ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಅಲ್ಲಿರುವ ಮಗನ ಮನೆಗೆ ಹೋದಾಗ, ಮೊಮ್ಮಗಳ ಎರಡು ಏಡಿಗಳ ಆರೈಕೆ ನನ್ನ ಪಾಲಿಗೂ ಬಂತು.

ಇವು ಉಸಿರಾಡುವುದು ಕಿವಿರುಗಳಿಂದ. ಕಿವಿರು ಒಣಗಿದರೆ ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಗಾಜಿನ ತೊಟ್ಟಿಗೆ ಮುಚ್ಚಳ ಹಾಕಿ, ಒಳಗೆ ಶೇ 80ರಷ್ಟು ತೇವಾಂಶ, ಸುಮಾರು 27 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಯ್ದುಕೊಂಡೆವು. ತಳದಲ್ಲಿ ಗೇಣುದ್ದ ಒದ್ದೆ ಮರಳು. ಒಂದು ಬಟ್ಟಲಲ್ಲಿ ಕ್ಲೋರಿನ್ ತೆಗೆದ ಸಿಹಿನೀರು, ಇನ್ನೊಂದರಲ್ಲಿ ಅಕ್ವೇರಿಯಂನ ಸಮುದ್ರದುಪ್ಪು ಬೆರೆಸಿದ ನೀರು. ಅಡುಗೆ ಉಪ್ಪು ಬೇಡ. ಊಟಕ್ಕೆ ಹಣ್ಣು, ತರಕಾರಿ, ಉಪ್ಪು-ಖಾರವಿಲ್ಲದ ಮೀನು. ಜೊತೆಗೆ ಬಣ್ಣ ಹಚ್ಚದ, ತುಸು ದೊಡ್ಡ ಖಾಲಿ ಚಿಪ್ಪುಗಳು.

ಒಂದು ದಿನ ದೊಡ್ಡ ಏಡಿ ಮರಳಿನಡಿ ಮಾಯವಾಯಿತು. ವಾರ ಕಳೆದರೂ ಬರಲಿಲ್ಲ.

“ಅಜ್ಜಿ, ಸತ್ತುಹೋಯ್ತಾ? ಅಗೆದು ನೋಡೋಣ” ಎಂದು ಮೊಮ್ಮಗಳು ಅತ್ತಳು.

“ಬೇಡ ಪುಟ್ಟಿ, ಅದು ಅಂಗಿ ಬದಲಿಸ್ತಿದೆ” ಎಂದೆ.

ಬೆಳೆಯುವ ಏಡಿ ಮರಳಿನೊಳಗೆ ಹಳೆಯ ಹೊರಕವಚ ಕಳಚಿ, ಅದನ್ನೇ ತಿಂದು, ಹೊಸದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆಗ ಅಗೆದರೆ ಪ್ರಾಣಕ್ಕೇ ಕುತ್ತು. ಆರನೆಯ ವಾರ ಅದು ಹೊಳೆಯುವ ಕಾಲುಗಳೊಂದಿಗೆ ಮೇಲೆ ಬಂತು!

ಈ ಏಡಿಗಳು 30 ವರ್ಷಕ್ಕೂ ಹೆಚ್ಚು ಬದುಕಬಲ್ಲವು. ಆದರೆ ಮಾರಾಟಕ್ಕಿರುವ ಬಹುತೇಕ ಏಡಿಗಳು ಕಡಲತೀರದಿಂದ ಹಿಡಿದು ತಂದವು. ಆದ್ದರಿಂದ ಇರುವ ಎರಡನ್ನೇ ಚೆನ್ನಾಗಿ ಸಾಕುವುದು, ಹೊಸದನ್ನು ಕೊಳ್ಳಬಾರದು ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ನಮ್ಮ ಕರಾವಳಿಯ ಬಂಡೆಗಳ ನಡುವೆಯೂ ಇವುಗಳ ಬಂಧುಗಳಿವೆ. ಕಂಡರೆ ನೋಡಿ ಖುಷಿಪಡಿ, ಮನೆಗೆ ತರಬೇಡಿ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ. ಅದಕ್ಕಾಗಿ ಯಾವುದೋ ಏಡಿ ಹುಡುಕುತ್ತಿರಬಹುದು.